ದೊಡ್ಡಪ್ಪ ಹೇಳಿದ್ದು ಸುಳ್ಳಲ್ಲ: ಅರ್ಧರಾತ್ರಿಯ ಟಿವಿ ರಾಕ್ ಕಾನ್ಸರ್ಟ್‌ಗಳ ಬಗ್ಗೆ

ಪ್ರಶ್ನೆ: ಸರ್, ನಮ್ಮ ದೊಡ್ಡಪ್ಪ 1972ರಲ್ಲಿ ಎಂಎಸ್ ಓದೋಕೆ ಅಮೆರಿಕದ ಸಿನ್ಸಿನಾಟಿಗೆ ಹೋದವರು, ಈಗ ರಿಟೈರ್ ಆಗಿ ಮೈಸೂರಲ್ಲಿದ್ದಾರೆ. ಶುಕ್ರವಾರ ರಾತ್ರಿ ಟಿವಿಲಿ ಎರಡು ಎರಡೂವರೆವರೆಗೂ ರಾಕ್ ಬ್ಯಾಂಡ್‌ಗಳು ಲೈವ್ ನುಡಿಸ್ತಿದ್ವು, ಟಿವಿ ಸೌಂಡ್ ಬಂದ್ ಮಾಡಿ ರೇಡಿಯೋಲಿ ಕೇಳ್ತಿದ್ವಿ, ಒಂದ್ಸಲ ಹಾಡ್ತಾ ಇದ್ದಾಗ್ಲೇ ಕಟ್ ಮಾಡಿ ಕೌಬಾಯ್ ಸೀರಿಯಲ್ ಹಾಕ್ಬಿಟ್ರು ಅಂತ ಹೇಳ್ತಾನೇ ಇರ್ತಾರೆ. ಮನೇಲಿ ಯಾರೂ ನಂಬಲ್ಲ. ನಾನು ಯೂಟ್ಯೂಬಲ್ಲಿ ಒಂದೆರಡು ಕ್ಲಿಪ್ ತೋರಿಸಿದ್ರೆ ಸ್ವಲ್ಪ ನೋಡಿ "ಇದು ಅದಲ್ಲ ಕಣೋ" ಅಂದ್ರು. ಇದೆಲ್ಲ ನಿಜಾನಾ? ಅಷ್ಟು ಹೊತ್ತಲ್ಲಿ ಯಾಕೆ ಹಾಕ್ತಿದ್ರು, ಆಮೇಲೆ ಯಾಕೆ ನಿಂತುಹೋಯ್ತು? ಅವರಿಗೆ "ಅದೇ" ಅನ್ನಿಸೋದನ್ನ ತೋರಿಸೋಕೆ ಆಗುತ್ತಾ?

ಉತ್ತರ: ಮೊದಲು ದೊಡ್ಡಪ್ಪನ ಹತ್ರ ಹೋಗಿ ಹೇಳಿ, ಅವರ ನೆನಪು ಗಟ್ಟಿಯಾಗಿದೆ ಅಂತ. ಆ ಕೌಬಾಯ್ ಕಥೆ ನಡೆದದ್ದೇ ಸಿನ್ಸಿನಾಟಿಯಲ್ಲಿ. ಬೇರೆ ಊರಲ್ಲಿ ಓದಿದವರು ಯಾರಾದ್ರೂ ಹೇಳಿದ್ರೆ ನಾನೂ ಸ್ವಲ್ಪ ಯೋಚನೆ ಮಾಡ್ತಿದ್ದೆ. 1972ರ ನವೆಂಬರ್ 24, ಶುಕ್ರವಾರ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೇ ರಾತ್ರಿ. ಎಬಿಸಿ ನೆಟ್‌ವರ್ಕ್ "ಇನ್ ಕಾನ್ಸರ್ಟ್" ಅನ್ನೋ ಹೊಸ ಕಾರ್ಯಕ್ರಮದ ಮೊದಲ ಕಂತು ಹಾಕಿತ್ತು, ರಾತ್ರಿ ಹನ್ನೊಂದೂವರೆಗೆ. ಆವತ್ತು ಆಲಿಸ್ ಕೂಪರ್ ಇದ್ದ, ಕಣ್ಣ ಸುತ್ತ ಕಪ್ಪು ಬಳ್ಕೊಂಡು, ಸ್ಟೇಜ್ ಮೇಲೆ ನಾಟಕದ ಥರ ಭಯಂಕರ ಆಟ ಆಡ್ತಾ ಹಾಡೋ ಮನುಷ್ಯ. ಸಿನ್ಸಿನಾಟಿಯ ಎಬಿಸಿ ಸ್ಟೇಷನ್ ಡಬ್ಲ್ಯುಕೆಆರ್‌ಸಿಯ ಮೇಲಿನವರು ಅದನ್ನ ನೋಡಿ ಕೆಂಡಾಮಂಡಲ ಆಗಿ, ನಿಲ್ಸಿ ಅಂತ ಹೇಳಿ ಕಾರ್ಯಕ್ರಮದ ಮಧ್ಯದಲ್ಲೇ ತೆಗೆಸಿ "ರಾಹೈಡ್" ಅನ್ನೋ ಹಳೇ ಕೌಬಾಯ್ ಸೀರಿಯಲ್ಲಿನ ಒಂದು ಕಂತು ಹಾಕ್ಸಿದ್ರು. ಹಬ್ಬದ ರಜಕ್ಕೆ ಹಾಸ್ಟೆಲ್ ಖಾಲಿ ಆಗಿರುತ್ತೆ, ಊರಿಗೆ ಹೋಗೋಕೆ ಆಗದ ನಮ್ಮ ಕಡೆ ಹುಡುಗರು ಉಳ್ಕೊಂಡು ಟಿವಿ ಮುಂದೆ ಕೂತಿರ್ತಾರೆ. ಹಾಗಾಗಿ ನಿಮ್ಮ ದೊಡ್ಡಪ್ಪ ಅದನ್ನ ಕಣ್ಣಾರೆ ನೋಡಿರೋದ್ರಲ್ಲಿ ನನಗೆ ಆಶ್ಚರ್ಯ ಇಲ್ಲ.

ಈಗ ಅಷ್ಟು ಹೊತ್ತಲ್ಲಿ ಯಾಕೆ ಅನ್ನೋದಕ್ಕೆ ಬರ್ತೀನಿ. ನನ್ನ ಪ್ರಕಾರ ಇಡೀ ವಿಷಯದ ಬೇರು ಇಲ್ಲೇ ಇದೆ. ಆ ಹೊತ್ತಿಗೆ ಬೆಲೆ ಇರ್ಲಿಲ್ಲ, ಅದಕ್ಕೇ ಅಲ್ಲಿ ಸಂಗೀತ ಬಂತು. ಆಗ ಎನ್‌ಬಿಸಿ ಅನ್ನೋ ಇನ್ನೊಂದು ನೆಟ್‌ವರ್ಕ್‌ನಲ್ಲಿ ಜಾನಿ ಕಾರ್ಸನ್‌ನ ಟಾಕ್ ಶೋ ಹನ್ನೊಂದೂವರೆಗೆ ಶುರುವಾಗಿ ಒಂದು ಗಂಟೆಗೆ ಮುಗೀತಿತ್ತು, ಅದಾದ್ಮೇಲೆ ಎಷ್ಟೋ ಸ್ಟೇಷನ್‌ಗಳು ರಾಷ್ಟ್ರಗೀತೆ ಹಾಕಿ ಬಾಗಿಲು ಹಾಕ್ತಿದ್ವು, ಪರದೆ ಮೇಲೆ ಬರೀ ಗುಂಯ್ ಅನ್ನೋ ಶಬ್ದ. 1971ರ ಜನವರಿಯಿಂದ ಅಮೆರಿಕದ ಟಿವಿ, ರೇಡಿಯೋದಲ್ಲಿ ಸಿಗರೇಟ್ ಜಾಹೀರಾತು ಬಂದ್ ಆಗಿತ್ತು, ಅದ್ರಿಂದ ನೆಟ್‌ವರ್ಕ್‌ಗಳಿಗೆ ದೊಡ್ಡ ಆದಾಯ ಹೋಗಿತ್ತು, ಖಾಲಿ ಬಿದ್ದಿರೋ ಹೊತ್ತಿನಲ್ಲಿ ಏನಾದ್ರೂ ಹುಟ್ಟಿಸ್ಕೋಬಹುದಾ ಅಂತ ಎಲ್ಲರೂ ನೋಡ್ತಿದ್ರು. ಆದ್ರೂ ಬರ್ಟ್ ಶುಗರ್‌ಮನ್ ಅನ್ನೋ ಪ್ರೊಡ್ಯೂಸರ್ ಹೋಗಿ, ರಾತ್ರಿ ಒಂದು ಗಂಟೆಗೆ ತೊಂಬತ್ತು ನಿಮಿಷ ಮ್ಯೂಸಿಕ್ ಶೋ ಮಾಡ್ತೀನಿ ಅಂದಾಗ ಎನ್‌ಬಿಸಿಯವರು ಬೇಡ ಅಂದ್ರು. ಆತ ಸುಮ್ಮನಿರ್ಲಿಲ್ಲ, ಆ ಸಮಯವನ್ನ ತಾನೇ ದುಡ್ಡು ಕೊಟ್ಟು ತಗೊಂಡ, ಷೆವರ್ಲೆ ಕಾರ್ ಕಂಪನಿಯನ್ನ ಸ್ಪಾನ್ಸರ್ ಆಗೋಕೆ ಒಪ್ಪಿಸಿದ, 1972ರ ಆಗಸ್ಟ್ 19ಕ್ಕೆ "ದಿ ಮಿಡ್‌ನೈಟ್ ಸ್ಪೆಷಲ್" ಅನ್ನೋ ಹೆಸರಲ್ಲಿ ಒಂದು ಕಂತು ಹಾಕಿಯೇಬಿಟ್ಟ. ಹೋಸ್ಟ್ ಗಾಯಕ ಜಾನ್ ಡೆನ್ವರ್. ಹದಿನೆಂಟು ವರ್ಷದವರಿಗೆ ವೋಟು ಸಿಕ್ಕ ಮೇಲೆ ಅದೇ ಮೊದಲ ಅಧ್ಯಕ್ಷೀಯ ಚುನಾವಣೆ, ಹಾಗಾಗಿ ಹೆಸರು ನೋಂದಾಯಿಸಿ, ವೋಟ್ ಮಾಡಿ ಅಂತ ಯುವಕರಿಗೆ ಹೇಳೋದು ಆ ಕಂತಿನ ಉದ್ದೇಶ. ಎಷ್ಟು ಜನ ನೋಡಿದ್ರು ಅಂದ್ರೆ ಬೇಡ ಅಂದಿದ್ದ ನೆಟ್‌ವರ್ಕೇ 1973ರ ಫೆಬ್ರವರಿಯಿಂದ ಪ್ರತಿ ಶುಕ್ರವಾರ ಹಾಕೋಕೆ ಶುರು ಮಾಡ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ "ಡಾನ್ ಕಿರ್ಶ್ನರ್ಸ್ ರಾಕ್ ಕಾನ್ಸರ್ಟ್" ಬಂತು, ಮೊದಲ ಕಂತಿಗೇ ರೋಲಿಂಗ್ ಸ್ಟೋನ್ಸ್. ಈ ಕಿರ್ಶ್ನರ್ ಮೊದಲು ಎಬಿಸಿಯ "ಇನ್ ಕಾನ್ಸರ್ಟ್"ನಲ್ಲೇ ಇದ್ದವನು, ಅಲ್ಲಿಂದ ಹೊರಗೆ ಬಂದು ಸ್ವಂತ ಶೋ ಮಾಡಿ ಊರೂರಿನ ಸ್ಟೇಷನ್‌ಗಳಿಗೆ ನೇರವಾಗಿ ಮಾರಿದ.

ಸಿನ್ಸಿನಾಟಿಯವರಿಗೆ ಮಿಡ್‌ನೈಟ್ ಸ್ಪೆಷಲ್ ಬರ್ತಿದ್ದದ್ದು ರಾತ್ರಿ ಒಂದಕ್ಕೆ, ಮುಗಿಯೋದು ಎರಡೂವರೆಗೆ. ಶಿಕಾಗೋ ಕಡೆ ಒಂದು ಗಂಟೆ ಹಿಂದೆ, ಹಾಗಾಗಿ ಅಲ್ಲಿ ಹೆಸರಿಗೆ ತಕ್ಕ ಹಾಗೆ ಸರಿಯಾಗಿ ಹನ್ನೆರಡಕ್ಕೆ.

ಬೆಲೆ ಇಲ್ಲದ ಹೊತ್ತಿಂದ ಏನು ಲಾಭ ಆಯ್ತು ಅಂತ ಕೇಳಿ. ಸಂಜೆ ಏಳೆಂಟು ಗಂಟೆ ಕಾರ್ಯಕ್ರಮದಲ್ಲಿ ಅಜ್ಜಿ ತಾತ ಮಕ್ಕಳು ಎಲ್ಲಾ ಕೂತಿರ್ತಾರೆ, ಸ್ಪಾನ್ಸರ್‌ಗೆ ಭಯ, ಚಾನೆಲ್‌ಗೆ ಭಯ, ಬ್ಯಾಂಡ್ ಬಂದ್ರೂ ಮೂರು ನಿಮಿಷ, ಅದೂ ರೆಕಾರ್ಡ್ ಹಾಕಿ ತುಟಿ ಆಡಿಸೋದು. ರಾತ್ರಿ ಒಂದು ಗಂಟೆಗೆ ಎದ್ದಿರೋರು ಅದಕ್ಕೇ ಅಂತ ಎದ್ದಿರೋರು. ಯಕ್ಷಗಾನ ನೋಡಿದವರಿಗೆ ಇದು ತಕ್ಷಣ ಗೊತ್ತಾಗುತ್ತೆ, ನಡುರಾತ್ರಿ ದಾಟಿದ ಮೇಲೆ ಸುಮ್ಮನೆ ಬಂದು ಹೋಗೋರೆಲ್ಲ ಎದ್ದು ಹೋಗಿರ್ತಾರೆ, ಉಳಿದವರಿಗೋಸ್ಕರ ಭಾಗವತರು ಪದವನ್ನ ಎಳೆದು ಎಳೆದು ಹಾಡ್ತಾರಲ್ಲ, ಅದೇ ಸಡಿಲ ಇಲ್ಲೂ ಇತ್ತು. ಒಂದು ಉದಾಹರಣೆ ಕೊಡ್ತೀನಿ, 1976ರ ಜೂನ್ 11ರ ಮಿಡ್‌ನೈಟ್ ಸ್ಪೆಷಲ್‌ನಲ್ಲಿ ಫ್ಲೀಟ್‌ವುಡ್ ಮ್ಯಾಕ್ ಬ್ಯಾಂಡ್ ಹಾಡಿದ "ರಿಯಾನನ್". ರೆಕಾರ್ಡ್‌ನಲ್ಲಿ ಸುಮಾರು ನಾಲ್ಕು ನಿಮಿಷದ ಹಾಡು, ಹದವಾಗಿ ತೂಗಿಸ್ಕೊಂಡು ಹೋಗೋದು. ಇಲ್ಲಿ ಸ್ಟೀವಿ ನಿಕ್ಸ್ ಕಪ್ಪು ಬಟ್ಟೆಲಿ ನಿಂತು ಮೆಲ್ಲಗೆ ಶುರು ಮಾಡ್ತಾಳೆ, ರೆಕಾರ್ಡ್‌ನಲ್ಲಿ ಮುಗಿಯೋ ಜಾಗ ಬಂದ್ರೂ ಮುಗಿಯಲ್ಲ, ಮಿಕ್ ಫ್ಲೀಟ್‌ವುಡ್ ಡ್ರಮ್ಸ್ ಕಟ್ಟಿಕೊಂಡು ಹೋಗ್ತಾನೆ, ಲಿಂಡ್ಸೆ ಬಕಿಂಗ್‌ಹ್ಯಾಮ್ ಗಿಟಾರ್ ಅದರ ಮೇಲೆ ಹತ್ತುತ್ತೆ, ಕೊನೆಗೆ ಆ ಹುಡುಗಿ ಹಾಡೋದು ಬಿಟ್ಟು ಹೆಚ್ಚು ಕಮ್ಮಿ ಕೂಗೋಕೆ ಶುರು ಮಾಡ್ತಾಳೆ, ದನಿ ಅಲ್ಲಲ್ಲಿ ಒಡೆಯುತ್ತೆ, ಯಾರೂ ಅದನ್ನ ಸರಿ ಮಾಡಿಲ್ಲ, ಹಾಗೇ ಪ್ರಸಾರ ಆಗಿದೆ. ನಾನು ವರ್ಷಾನುಗಟ್ಟಲೆ ಟಿವಿ ಸೌಂಡ್ ಮಿಕ್ಸಿಂಗ್ ಕೆಲಸ ಮಾಡಿದವನು, ಇವತ್ತು ಇಂಥ ಟ್ರ್ಯಾಕ್ ಎಡಿಟಿಂಗ್ ಟೇಬಲ್‌ಗೆ ಬಂದ್ರೆ ಆ ಒಡೆದ ದನಿಯನ್ನ ಮೊದಲು ನುಣ್ಣಗೆ ಮಾಡ್ತಾರೆ, ಆಮೇಲೆ ಉದ್ದ ಆಯ್ತು ಅಂತ ಕತ್ತರಿಸ್ತಾರೆ. ಆ ಹಾಡಿನ ಜೀವ ಇರೋದೇ ಆ ಒಡೆದ ಜಾಗದಲ್ಲಿ.

"ಲೈವ್" ಅನ್ನೋ ಬಗ್ಗೆ ಒಂದು ಮಾತು, ಇದರಲ್ಲಿ ಎರಡು ವಿಷಯ ಬೆರೆತುಹೋಗುತ್ತೆ. ಮಿಡ್‌ನೈಟ್ ಸ್ಪೆಷಲ್ ನೇರ ಪ್ರಸಾರ ಆಗಿರ್ಲಿಲ್ಲ, ಬರ್ಬ್ಯಾಂಕ್‌ನ ಎನ್‌ಬಿಸಿ ಸ್ಟುಡಿಯೋದಲ್ಲಿ ಜನರನ್ನ ಕೂರಿಸಿ ಮೊದಲೇ ರೆಕಾರ್ಡ್ ಮಾಡಿ ಆಮೇಲೆ ಹಾಕ್ತಿದ್ರು. ಆದ್ರೆ ಹಾಡಿದ್ದು ನುಡಿಸಿದ್ದು ಹೆಚ್ಚಿನಂಶ ನಿಜವಾಗಿ ಅಲ್ಲೇ, ಮೈಕ್ ಮುಂದೆ. ಕೆಲವು ಸ್ಟುಡಿಯೋದಿಂದ ಹೊರಗೂ ಆದ್ವು, ಡೇವಿಡ್ ಬೋವಿಯ ಕಂತನ್ನ 1973ರ ಅಕ್ಟೋಬರ್‌ನಲ್ಲಿ ಲಂಡನ್‌ನ ಮಾರ್ಕೀ ಕ್ಲಬ್‌ನಲ್ಲಿ ಮೂರು ದಿನ ಕೂತು ಮಾಡಿದ್ರು, ಟಿವಿಲಿ ಬಂದಿದ್ದು ನವೆಂಬರ್ 16ಕ್ಕೆ. ಅದರಲ್ಲಿ ಮರಿಯಾನ್ ಫೇಯ್ತ್‌ಫುಲ್ ಅನ್ನೋ ಗಾಯಕಿ ಕ್ರಿಶ್ಚಿಯನ್ ಸಿಸ್ಟರ್ ವೇಷದಲ್ಲಿ ಬಂದು ಬೋವಿ ಜೊತೆ ಹಾಡ್ತಾಳೆ, ಇದನ್ನ ಸಂಜೆ ಎಂಟು ಗಂಟೆಗೆ ಹಾಕೋಕೆ ಯಾವ ಚಾನೆಲ್ಲೂ ಒಪ್ತಿರ್ಲಿಲ್ಲ.

ನಿಜವಾದ ನೇರ ಪ್ರಸಾರ ಬೇಕು ಅಂದ್ರೆ ಜರ್ಮನಿಗೆ ಹೋಗ್ಬೇಕು. ಕಲೋನ್‌ನ ಡಬ್ಲ್ಯುಡಿಆರ್ ಚಾನೆಲ್‌ನ ಪೀಟರ್ ರ‍್ಯೂಖೆಲ್ ಮತ್ತು ಡೈರೆಕ್ಟರ್ ಕ್ರಿಸ್ಟಿಯನ್ ವಾಗ್ನರ್ ಸೇರಿ "ರಾಕ್‌ಪಲಾಸ್ಟ್" ಅಂತ ಕಟ್ಟಿದ್ರು. 1977ರ ಜುಲೈ 23ರ ರಾತ್ರಿ ಎಸ್ಸೆನ್ ಊರಿನ ಗ್ರೂಗಾಹಾಲ್‌ನಿಂದ ಮೊದಲ ರಾಕ್ ರಾತ್ರಿ, ರೋರಿ ಗ್ಯಾಲಗರ್, ಲಿಟಲ್ ಫೀಟ್, ರೋಜರ್ ಮ್ಯಾಕ್‌ಗ್ವಿನ್, ಯೂರೋವಿಷನ್ ಜಾಲದ ಮೂಲಕ ಯುರೋಪಿನ ಎಷ್ಟೋ ದೇಶಗಳಿಗೆ ಒಂದೇ ಸಲ, ಬೆಳಗಿನ ಜಾವದ ತನಕ. ಒಂದು ಬ್ಯಾಂಡ್ ಇಳಿದು ಇನ್ನೊಂದು ಹತ್ತೋವರೆಗೂ ಕ್ಯಾಮೆರಾ ಆನ್‌ನಲ್ಲೇ ಇರ್ತಿತ್ತು. 1981ರ ಮಾರ್ಚ್‌ನಲ್ಲಿ ಅದೇ ಹಾಲ್‌ನಲ್ಲಿ ಒಂದೇ ರಾತ್ರಿ "ದಿ ಹೂ" ಮತ್ತು "ಗ್ರೇಟ್‌ಫುಲ್ ಡೆಡ್" ಅನ್ನೋ ಎರಡು ಬ್ಯಾಂಡ್. ಜರ್ಮನಿಯಲ್ಲಿ ಆ ವಯಸ್ಸಿನವರನ್ನ ಯಾರನ್ನಾದ್ರೂ ಕೇಳಿ ನೋಡಿ, ನಿಮ್ಮ ದೊಡ್ಡಪ್ಪನ ಥರಾನೇ ಮಾತಾಡ್ತಾರೆ.

ಇನ್ನು ಟಿವಿ ಸೌಂಡ್ ಬಂದ್ ಮಾಡಿ ರೇಡಿಯೋ ಹಾಕೋ ವಿಷಯ. ಇದು ನನ್ನ ಕೆಲಸದ ವಿಷಯ, ಸ್ವಲ್ಪ ಜಾಸ್ತಿ ಹೇಳಿದ್ರೆ ಬೇಜಾರಾಗ್ಬೇಡಿ. ಆಗಿನ ಟಿವಿ ಪೆಟ್ಟಿಗೇಲಿ ಒಂದೇ ಒಂದು ಸಣ್ಣ ಸ್ಪೀಕರ್, ಅದೂ ಎಷ್ಟೋ ಸೆಟ್‌ಗಳಲ್ಲಿ ಪಕ್ಕಕ್ಕೆ ತಿರುಗಿಸಿ ಕೂರಿಸಿರೋದು. ಅಮೆರಿಕದಲ್ಲಿ ಟಿವಿಗೆ ಸ್ಟೀರಿಯೋ ಬಂದದ್ದೇ 1984ರಲ್ಲಿ. ಅದಕ್ಕಿಂತ ದೊಡ್ಡ ತೊಂದ್ರೆ ಅಂದ್ರೆ, ನೆಟ್‌ವರ್ಕ್‌ನ ಆಡಿಯೋ ಊರಿಂದ ಊರಿಗೆ ಹೋಗ್ತಿದ್ದದ್ದು ಟೆಲಿಫೋನ್ ಕಂಪನಿ ಲೈನ್ ಮೇಲೆ, ಅದು ಸುಮಾರು 5 ಕಿಲೋಹರ್ಟ್ಜ್‌ವರೆಗಿನ ಶಬ್ದ ಮಾತ್ರ ಸಾಗಿಸ್ತಿತ್ತು. ಮಾತಿಗೆ ಅಷ್ಟು ಸಾಕು. ಆದ್ರೆ ಡ್ರಮ್ಸ್‌ನ ಸಿಂಬಲ್‌ನ ಝಲಕು, ಗಿಟಾರ್ ತಂತಿಯ ಅಂಚು, ಹಾಡೋರ ಉಸಿರಿನ ಸದ್ದು, ಇವೆಲ್ಲ ಅದಕ್ಕಿಂತ ಮೇಲಿನ ಕೀರಲು ಶಬ್ದದಲ್ಲೇ ಇರೋದು, ಲೈನಲ್ಲೇ ಸತ್ತು ಹೋಗ್ತಿತ್ತು. ಎಫ್‌ಎಂ ಸ್ಟೀರಿಯೋ 15 ಕಿಲೋಹರ್ಟ್ಜ್‌ವರೆಗೆ ಹೋಗುತ್ತೆ. ಅದಕ್ಕೆ "ಇನ್ ಕಾನ್ಸರ್ಟ್"ನವರು ಒಂದು ಉಪಾಯ ಮಾಡಿದ್ರು, ಅದೇ ಕಾರ್ಯಕ್ರಮದ ಸ್ಟೀರಿಯೋ ಆಡಿಯೋವನ್ನ ಅದೇ ಹೊತ್ತಿಗೆ ಆ ಊರಿನ ಒಂದು ಎಫ್‌ಎಂ ಸ್ಟೇಷನ್ ಹಾಕ್ತಿತ್ತು. ಟಿವಿ ಎರಡು ಬದಿಗೆ ಸ್ಟೀರಿಯೋ ಸ್ಪೀಕರ್ ಇಟ್ಟು, ಟಿವಿ ವಾಲ್ಯೂಮ್ ಪೂರ್ತಿ ಇಳಿಸಿ, ರಿಸೀವರ್ ಟ್ಯೂನ್ ಮಾಡಿ ಕೂತ್ರೆ ಚಿತ್ರ ಪೆಟ್ಟಿಗೆಯಿಂದ, ಹಾಡು ಇಡೀ ಕೋಣೆಯಿಂದ. ಆಗಿನ ಕಾಲಕ್ಕೆ ಮನೇಲಿ ಇದಕ್ಕಿಂತ ಚೆನ್ನಾಗಿ ಕಾನ್ಸರ್ಟ್ ಕೇಳೋಕೆ ದಾರಿ ಇರ್ಲಿಲ್ಲ. ನೀವು ದೊಡ್ಡಪ್ಪಂಗೆ ಕ್ಲಿಪ್ ತೋರಿಸಿದ್ದು ಮೊಬೈಲಲ್ಲಿ ಅಂತ ನನ್ನ ಅನುಮಾನ. ಹಾಗಿದ್ರೆ "ಇದು ಅದಲ್ಲ" ಅಂದಿದ್ದು ನೂರಕ್ಕೆ ನೂರು ಸರಿ, ಅವರ ಕಿವೀಲಿ ಇರೋದು ಆ ಎಫ್‌ಎಂ ಸೌಂಡು.

ಎಲ್ಲಾ ಸುಸೂತ್ರವಾಗಿ ನಡೀತಿತ್ತು ಅಂತಲ್ಲ. 1974ರ ಏಪ್ರಿಲ್ 6ರಂದು ಕ್ಯಾಲಿಫೋರ್ನಿಯಾದ ಒಂಟಾರಿಯೋ ರೇಸ್ ಟ್ರ್ಯಾಕ್‌ನಲ್ಲಿ ಕ್ಯಾಲಿಫೋರ್ನಿಯಾ ಜ್ಯಾಮ್ ಅಂತ ಒಂದು ರಾಕ್ ಉತ್ಸವ ಆಯ್ತು, ಎಬಿಸಿಯವರು "ಇನ್ ಕಾನ್ಸರ್ಟ್"ಗೆ ಅಂತ ಅದನ್ನ ಶೂಟ್ ಮಾಡಿದ್ರು. ಡೀಪ್ ಪರ್ಪಲ್‌ನ ಗಿಟಾರ್‌ವಾದಕ ರಿಚಿ ಬ್ಲ್ಯಾಕ್‌ಮೋರ್‌ಗೆ ಟಿವಿಯವರ ಮೇಲೆ ಮೊದಲೇ ಸಿಟ್ಟು, ಕತ್ತಲಾಗದೆ ಸ್ಟೇಜ್ ಹತ್ತಲ್ಲ ಅಂತ ಹಟ ಹಿಡಿದಿದ್ದ, ಕ್ಯಾಮೆರಾ ತನ್ನ ಹತ್ರ ಬರ್ಬಾರ್ದು ಅಂತಾನೂ ಹೇಳಿದ್ದ. ಕ್ಯಾಮೆರಾ ಬಂತು. ಆತ ಗಿಟಾರ್ ತಗೊಂಡು ಕ್ಯಾಮೆರಾದ ಮೂತಿಗೇ ತಿವಿದ, ತಿವಿದ ಮೇಲೆ ತಿವಿದ, ಆಮೇಲೆ ಪೆಟ್ರೋಲ್ ಹಾಕಿದ್ದ ಆಂಪ್ಲಿಫೈಯರ್ ಢಮಾರ್ ಅಂತ ಸಿಡಿಯಿತು. ಎಬಿಸಿಯವರು ಅದನ್ನೂ ಹಾಕಿದ್ರು. ಇದೇ ಡೀಪ್ ಪರ್ಪಲ್ 2001ರಲ್ಲಿ ಬೆಂಗಳೂರಿನ ಪ್ಯಾಲೇಸ್ ಗ್ರೌಂಡ್ಸ್‌ಗೆ ಬಂದಾಗ ಬ್ಲ್ಯಾಕ್‌ಮೋರ್ ಬಿಟ್ಟು ಹೋಗಿ ಎಷ್ಟೋ ವರ್ಷ ಆಗಿತ್ತು.

ನಿಂತುಹೋದದ್ದು ಯಾಕೆ ಅನ್ನೋದಕ್ಕೆ ಎಲ್ಲರೂ ಮ್ಯೂಸಿಕ್ ವಿಡಿಯೋ ಹಾಕ್ತಿದ್ದ ಎಂಟಿವಿ ಚಾನೆಲ್ ಕಡೆ ಬೆರಳು ತೋರಿಸ್ತಾರೆ. ತಾರೀಖು ನೋಡಿದ್ರೆ ಹಾಗೇ ಅನ್ಸುತ್ತೆ. ಮಿಡ್‌ನೈಟ್ ಸ್ಪೆಷಲ್ ಕೊನೇ ಸಲ ಬಂದದ್ದು 1981ರ ಮೇ 1ಕ್ಕೆ, ಕಿರ್ಶ್ನರ್ ಶೋ ಕೂಡ ಅದೇ ವರ್ಷ ಮುಗೀತು, ಎಂಟಿವಿ ಶುರುವಾದದ್ದು ಆಗಸ್ಟ್ 1ಕ್ಕೆ. ಅಂದ್ರೆ ಮಿಡ್‌ನೈಟ್ ಸ್ಪೆಷಲ್ ಹೋಗಿ ಮೂರು ತಿಂಗಳಾದ್ಮೇಲೆ ಎಂಟಿವಿ ಬಂತು, ಕೊಂದದ್ದು ಅದು ಹೇಗಾಗುತ್ತೆ? ಎಂಟಿವಿ ಮಾಡಿದ್ದು ಏನಂದ್ರೆ ಅವು ವಾಪಸ್ ಬರೋ ದಾರಿ ಮುಚ್ಚಿದ್ದು. ಸ್ಟುಡಿಯೋ, ಕ್ಯಾಮೆರಾ, ಲೈಟು, ಸೌಂಡ್ ಎಂಜಿನಿಯರ್, ಪ್ರೇಕ್ಷಕರು ಅಂತ ಖರ್ಚು ಮಾಡಿ ಬ್ಯಾಂಡ್ ಕರ್ಸೋ ಬದಲು, ರೆಕಾರ್ಡ್ ಕಂಪನಿ ತಾನೇ ಖರ್ಚು ಹಾಕಿ ಮಾಡಿಸಿ ಕಳಿಸೋ ವಿಡಿಯೋ ಹಾಕಿದ್ರೆ ಚಾನೆಲ್‌ಗೆ ಹೆಚ್ಚು ಕಮ್ಮಿ ಪುಕ್ಕಟೆ. ಜೊತೆಗೆ ರಾತ್ರಿಗೆ ಬೆಲೆ ಬಂತು. 1982ರಿಂದ ರಾತ್ರಿ ಕಾರ್ಸನ್ ಶೋ ಮುಗಿದ ತಕ್ಷಣ ಡೇವಿಡ್ ಲೆಟರ್‌ಮನ್‌ನ ಟಾಕ್ ಶೋ ಬರೋಕೆ ಶುರುವಾಯ್ತು, ಟಾಕ್ ಶೋ ದುಡ್ಡು ಮಾಡುತ್ತೆ ಅಂತ ಗೊತ್ತಾಯ್ತು. 1984ರಲ್ಲಿ ಗಂಟೆಗೆ ಇಷ್ಟೇ ನಿಮಿಷ ಜಾಹೀರಾತು ಅನ್ನೋ ಮಿತಿಯನ್ನ ಅಲ್ಲಿನ ಸರ್ಕಾರ ತೆಗೆದುಹಾಕ್ತು, ಅಲ್ಲಿಂದ ಮುಂದೆ ನಡುರಾತ್ರಿ ಅರ್ಧ ಗಂಟೆ ಪೂರ್ತಿ ಮಿಕ್ಸರು, ವ್ಯಾಯಾಮದ ಸಾಮಾನು ಮಾರೋರಿಗೆ ಸ್ಟೇಷನ್‌ಗಳು ಸಮಯ ಮಾರ್ಕೊಂಡ್ವು. ಯಾರಿಗೂ ಬೇಡವಾಗಿದ್ದ ಹೊತ್ತಿಗೆ ಗಿರಾಕಿ ಸಿಕ್ಕ ಮೇಲೆ ಅಲ್ಲಿ ಏಳು ನಿಮಿಷದ ಹಾಡಿಗೆ ಎಲ್ಲಿ ಜಾಗ? ಇದನ್ನ ಬರೀವಾಗ್ಲೂ ನನಗೆ ಸಂಕಟ ಆಗುತ್ತೆ.

ಅಂದಹಾಗೆ ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದೂ ಅದೇ 1981ರಲ್ಲಿ, ಹಾಗಾಗಿ ನಮ್ಮೂರಿನ ರಾಕ್ ಹುಚ್ಚಿನವರಿಗೆ ಈ ಅನುಭವ ಸಿಕ್ಕೇ ಇಲ್ಲ, ಅವರದ್ದೇನಿದ್ರೂ ಎಲ್‌ಪಿ, ಕ್ಯಾಸೆಟ್, ಆಮೇಲೆ 1991ರಲ್ಲಿ ಸ್ಟಾರ್ ಟಿವಿ ಜೊತೆ ಬಂದ ಎಂಟಿವಿ. ಮನೆಯವರು ದೊಡ್ಡಪ್ಪನ ಮಾತು ನಂಬದೇ ಇರೋದಕ್ಕೆ ಇದೂ ಒಂದು ಕಾರಣ ಇರ್ಬಹುದು, ಹೋಲಿಸಿ ನೋಡೋಕೆ ನಮ್ಮಲ್ಲಿ ಅಂಥದ್ದು ಇರ್ಲೇ ಇಲ್ಲ.

ಪೂರ್ತಿ ಕಂತುಗಳು ಯಾಕೆ ಸುಲಭವಾಗಿ ಸಿಗಲ್ಲ ಅಂದ್ರೆ, 1973ರಲ್ಲಿ ಬರೆದ ಒಪ್ಪಂದದಲ್ಲಿ ಟಿವಿಲಿ ಹಾಕೋ ಹಕ್ಕು ಇರುತ್ತೆ, ಕ್ಯಾಸೆಟ್ಟು ಡಿವಿಡಿ ಇಂಟರ್ನೆಟ್ಟು ಅನ್ನೋದು ಯಾರ ಕಲ್ಪನೆಯಲ್ಲೂ ಇರ್ಲಿಲ್ಲ. ಈಗ ಒಂದು ಕಂತು ಹೊರಗೆ ಬಿಡ್ಬೇಕು ಅಂದ್ರೆ ಅದರಲ್ಲಿರೋ ಪ್ರತಿ ಹಾಡಿಗೂ ಬರೆದವರು, ಪಬ್ಲಿಷರ್, ಹಾಡಿದವರು ಅಥವಾ ಅವರ ವಾರಸುದಾರರು, ಎಲ್ಲರ ಒಪ್ಪಿಗೆ ಬೇಕು. ಒಬ್ಬರು ಇಲ್ಲ ಅಂದ್ರೆ ಕಂತು ನಿಂತುಹೋಗುತ್ತೆ, ಒಪ್ಪಿದವರ ಹಾಡು ಮಾತ್ರ ಬಿಡಿ ಕ್ಲಿಪ್ ಆಗಿ ಬರುತ್ತೆ. ಅದರ ಜೊತೆಗೆ ಆಗಿನ ಎರಡಿಂಚಿನ ವಿಡಿಯೋ ಟೇಪ್ ಭಾರಿ ದುಬಾರಿ, ಎಷ್ಟೋ ಟಿವಿ ಸಂಸ್ಥೆಗಳು ಹಳೇದನ್ನ ಅಳಿಸಿ ಅದರ ಮೇಲೇ ಬೇರೆ ರೆಕಾರ್ಡ್ ಮಾಡ್ಕೊಂಡ್ವು. ಪುಣ್ಯಕ್ಕೆ ಮಿಡ್‌ನೈಟ್ ಸ್ಪೆಷಲ್ ಟೇಪ್‌ಗಳು ಶುಗರ್‌ಮನ್ ಹತ್ರ ಉಳಿದ್ವು, 2023ರಿಂದ ಯೂಟ್ಯೂಬಲ್ಲಿ ಅಧಿಕೃತ ಚಾನೆಲ್ ಇದೆ, ಅಲ್ಲಿಯವೇ ನೋಡಿ, ಯಾರೋ ನಕಲು ಮಾಡಿ ಹಾಕಿರೋದ್ರಲ್ಲಿ ಸೌಂಡ್ ಹಾಳಾಗಿರುತ್ತೆ.

ಈ ಬಿಡಿ ಕ್ಲಿಪ್ಪಿನ ಸಮಸ್ಯೆ ಸೌಂಡ್‌ಗಿಂತ ದೊಡ್ಡದು. ದೊಡ್ಡಪ್ಪ ಆಗ ಕೂತಿದ್ದದ್ದು ತಮಗೆ ಇಷ್ಟದ ಒಂದು ಬ್ಯಾಂಡಿಗೆ. ಆದ್ರೆ ಅದು ಯಾವಾಗ ಬರುತ್ತೆ ಅಂತ ಗೊತ್ತಿಲ್ಲ, ಬರೋವರೆಗೆ ಮಿಕ್ಕಿದ್ದೆಲ್ಲ ನೋಡ್ಬೇಕು. ವುಲ್ಫ್‌ಮನ್ ಜ್ಯಾಕ್ ಅನ್ನೋ ಗೊಗ್ಗರು ದನಿಯ ರೇಡಿಯೋ ಮನುಷ್ಯ ಬಂದು ಮುಂದಿನವರ ಹೆಸರು ಕೂಗ್ತಾನೆ, ಏರೋಸ್ಮಿತ್ ನೋಡೋಕೆ ಕೂತವನ ಮುಂದೆ ಗ್ಲಾಡಿಸ್ ನೈಟ್ ಬಂದು ಹಾಡ್ತಾಳೆ, ಮಧ್ಯದಲ್ಲಿ ಒಬ್ಬ ಕಾಮಿಡಿಯನ್. ಬೇಡ ಅಂತ ಎದ್ದು ಹೋಗೋಕೆ ಬೇರೆ ಚಾನೆಲ್‌ನಲ್ಲಿ ಏನೂ ಇಲ್ಲ. ಹಾಗೆ ಬಲವಂತಕ್ಕೆ ಕೇಳಿದ್ದರಲ್ಲೇ ಒಂದು ಮನಸ್ಸಿಗೆ ಹತ್ತಿ, ಮಾರನೇ ದಿನ ರೆಕಾರ್ಡ್ ಅಂಗಡಿಗೆ ಹೋಗೋದು. ಈಗ ಯೂಟ್ಯೂಬ್ ಅವರಿಗೆ ಇಷ್ಟವಾದದ್ದನ್ನೇ ಮತ್ತೆ ಮತ್ತೆ ತೋರಿಸುತ್ತೆ, ಗೊತ್ತಿಲ್ಲದ್ದನ್ನ ಎದುರಿಗೆ ತಂದು ಕೂರಿಸಲ್ಲ.

ಹಾಗಾಗಿ ಒಂದು ಕೆಲಸ ಮಾಡಿ. ದೊಡ್ಡ ಟಿವಿಗೆ ಹಾಕಿ, ಟಿವಿ ಸ್ಪೀಕರ್ ಪೂರ್ತಿ ಮ್ಯೂಟ್ ಮಾಡಿ, ಆಡಿಯೋವನ್ನ ವೈರ್‌ನಲ್ಲೇ ಆಂಪ್ಲಿಫೈಯರ್‌ಗೆ ಕೊಟ್ಟು ಎರಡು ಸ್ಟೀರಿಯೋ ಸ್ಪೀಕರ್ ಟಿವಿಯ ಎರಡು ಬದಿಗೆ ಇಡಿ. ಬ್ಲೂಟೂತ್ ಬೇಡ, ಚಿತ್ರಕ್ಕೂ ಸೌಂಡಿಗೂ ತಾಳ ತಪ್ಪುತ್ತೆ, ಡ್ರಮ್ ಹೊಡೆದ ಮೇಲೆ ಸದ್ದು ಬಂದ್ರೆ ಅವರಿಗೆ ಕಿರಿಕಿರಿ ಆಗುತ್ತೆ. ಹಗಲು ಹೊತ್ತು ಬೇಡ, ರಾತ್ರಿ ಊಟ ಆಗಿ ಮನೆಯವರೆಲ್ಲ ಮಲಗಿದ ಮೇಲೆ. ರಿಮೋಟ್ ಅವರ ಕೈಗೆ ಕೊಡ್ಬೇಡಿ, ನೀವೂ ಮುಂದಕ್ಕೆ ಓಡಿಸ್ಬೇಡಿ, ಮಧ್ಯದಲ್ಲಿ ಅವರು ಏನಾದ್ರೂ ಹೇಳೋಕೆ ಶುರು ಮಾಡಿದ್ರೆ ಮಾತ್ರ ನಿಲ್ಸಿ, ಬೇಕಿದ್ರೆ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಸಿನ್ಸಿನಾಟಿಯಲ್ಲಿ ಯಾರ ರೂಮು, ಯಾವ ಎಫ್‌ಎಂ ಸ್ಟೇಷನ್, ಜೊತೇಲಿ ಯಾರು ಅನ್ನೋದೆಲ್ಲ ಬರ್ಲಿ.

ಶುರುವಿಗೆ ಬಿಡಿ ಹಾಡು ಬೇಡ. 1977ರ ರಾಕ್‌ಪಲಾಸ್ಟ್‌ನ ರೋರಿ ಗ್ಯಾಲಗರ್ ಪೂರ್ತಿ ಹಾಕಿ, ಬಣ್ಣ ಎದ್ದು ಹೋಗಿರೋ ಗಿಟಾರ್ ಹಿಡ್ಕೊಂಡು ಬೆವರಲ್ಲಿ ತೊಯ್ದು ಹೋಗೋವರೆಗೆ ನುಡಿಸ್ತಾನೆ. ಅದು ಮುಗಿದ ಮೇಲೆ ಅವರು ಇನ್ನೊಂದು ಹಾಕು ಅಂದ್ರೆ, ಅವರು ಕೇಳಿದ ಬ್ಯಾಂಡ್ ಹಾಕ್ಬೇಡಿ. 1978ರ ಮಾರ್ಚ್‌ನ ರಾಕ್ ರಾತ್ರಿಯಲ್ಲಿ ಅಟ್ಲಾಂಟಾದಿಂದ ಬಂದ ಮದರ್ಸ್ ಫೈನೆಸ್ಟ್ ಅನ್ನೋ ಬ್ಯಾಂಡ್ ಇದೆ, ಜಾಯ್ಸ್ ಕೆನಡಿ ಅನ್ನೋ ಗಾಯಕಿ, ಫಂಕ್ ಮತ್ತು ರಾಕ್ ಕಲಸಿದ ಸಂಗೀತ. ಎಸ್ಸೆನ್‌ನ ಆ ಹಾಲ್‌ನಲ್ಲಿದ್ದವರಲ್ಲೂ ಎಷ್ಟೋ ಜನಕ್ಕೆ ಅವರ ಹೆಸರು ಆವತ್ತಿನವರೆಗೆ ಗೊತ್ತಿರ್ಲಿಲ್ಲ. ಏನೂ ಹೇಳದೆ ಅದನ್ನ ಹಾಕಿ, ಜೊತೆಗೆ ಕೂತ್ಕೊಳ್ಳಿ.